ಪರದೆಯ ಹಿಂದಿನ ದನಿ

ಕಳೆದ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದು ಬಹಳ ದಿನ ಮೇಜಿನ ಮೇಲೆಯೇ ಉಳಿಯಿತು. ಬರೆದವರು ಒಬ್ಬ ತಾಯಿ. ಅವರ ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯ ವಾರ್ಷಿಕೋತ್ಸವಕ್ಕೆಂದು ಸಂಗೀತ ನಾಟಕವೊಂದರ ತಾಲೀಮು ನಡೆದಿದೆ. ಚಿಕ್ಕಂದಿನಿಂದ ವಚನಗಳನ್ನು ಹಾಡಿ ಬಹುಮಾನ ಪಡೆದ ಹುಡುಗನೆಂದು ಅವನಿಗೆ ಹಾಡುಗಳಿರುವ ಮುಖ್ಯ ಪಾತ್ರವನ್ನೇ ಕೊಟ್ಟರಂತೆ. ಎರಡು ತಿಂಗಳು ಎಲ್ಲವೂ ಸರಿಯಾಗಿ ಸಾಗಿ, ಉತ್ಸವಕ್ಕೆ ಮೂರು ವಾರವಿದೆ ಎನ್ನುವಾಗ ಹುಡುಗನ ಕಂಠ ಒಡೆಯಿತು. ಮೇಲಿನ ಸ್ವರಕ್ಕೆ ಹೋದೊಡನೆ ದನಿ ಎರಡಾಗುತ್ತದೆ. ಜೊತೆಯ ಮಕ್ಕಳು ನಗುತ್ತಾರೆ. ಬೇರೊಬ್ಬ ವಿದ್ಯಾರ್ಥಿಯ ಹಾಡನ್ನು ಮುದ್ರಿಸಿಕೊಂಡು ನುಡಿಸುತ್ತೇವೆ, ನೀನು ತುಟಿ ಆಡಿಸಿದರೆ ಸಾಕು ಎಂದು ಶಿಕ್ಷಕರು ಹೇಳಿದ್ದಾರೆ. ಹುಡುಗ ಊಟ ಬಿಟ್ಟು ಕುಳಿತಿದ್ದಾನೆ. "ಅವನನ್ನು ನಾಟಕದಿಂದ ಬಿಡಿಸಿಬಿಡಲೇ?" ಎಂಬುದು ಆ ತಾಯಿಯ ಪ್ರಶ್ನೆ.

ಒಂದೆರಡು ಸಾಲಿನಲ್ಲಿ ಉತ್ತರ ಬರೆದು ಅಂಚೆಗೆ ಹಾಕಬಹುದಾಗಿತ್ತು. ಆದರೆ ಪತ್ರವನ್ನು ಓದಿದಂತೆಲ್ಲ ನಮ್ಮದೇ ಹಳೆಯ ಬಾಕಿಯೊಂದು ನೆನಪಾಗತೊಡಗಿತು. ಅದನ್ನು ಈ ಪುಟದಲ್ಲಿ ಹೇಳಿಕೊಳ್ಳದೆ ಆ ಸೋದರಿಗೆ ಬುದ್ಧಿ ಹೇಳಲು ಹೊರಡುವುದು ನ್ಯಾಯವಲ್ಲವೆಂದು ತೋರಿತು. ಓದುಗ ಬಂಧುಗಳು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಅದು 1974ನೆಯ ಇಸವಿ. ನಮಗೆ ಹದಿನಾಲ್ಕು ವರ್ಷ. ಅಂದಿನ ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ಉಚಿತ ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದೆವು. ಆ ವರ್ಷದ ಸ್ನೇಹಸಮ್ಮೇಳನಕ್ಕೆ ಹರಿಶ್ಚಂದ್ರನ ಕಥೆಯನ್ನು ಆಡಬೇಕೆಂದು ನಿಶ್ಚಯವಾಯಿತು. ಹರಿಹರನ ಸೋದರಳಿಯನಾದ ರಾಘವಾಂಕ ಷಟ್ಪದಿಯಲ್ಲಿ ಬರೆದ ಆ ಕಾವ್ಯದ ಕಥೆಯನ್ನು ಕನ್ನಡ ಪಂಡಿತರು ಸಂಭಾಷಣೆಗೆ ಇಳಿಸಿದರು. ಹಾಡುಗಳನ್ನು ಕಟ್ಟಿದವರು ಸಂಗೀತದ ಮಾಸ್ತರರು. ನಮ್ಮ ಪಾಲಿಗೆ ಬಂದದ್ದು ಲೋಹಿತಾಶ್ವನ ಪಾತ್ರ. ಮಾತು ಹೆಚ್ಚಿಲ್ಲ. ಕಾಡಿನಲ್ಲಿ ದರ್ಭೆ ಕೊಯ್ಯುತ್ತ ಹಾಡುವ ಒಂದು ಹಾಡು, ಆ ಹಾಡಿನ ನಡುವೆಯೇ ಹುತ್ತದ ಹಾವು ಕಚ್ಚಿ ಸಾಯುವುದು, ಆಮೇಲೆ ಚಂದ್ರಮತಿಯ ತೊಡೆಯ ಮೇಲೆ ಬಹಳ ಹೊತ್ತು ಹೆಣವಾಗಿ ಮಲಗಿರುವುದು, ಅಷ್ಟೇ. ಹೆಣವಾಗಿ ಮಲಗುವುದು ಸುಲಭವೆಂದು ಯಾರೂ ತಿಳಿಯಬಾರದು. ಚಂದ್ರಮತಿಯ ಪಾತ್ರ ವಹಿಸಿದ್ದ ಹತ್ತನೆಯ ತರಗತಿಯ ಹುಡುಗ ಅಳುವಾಗ ಅವನ ಸೆರಗಿನ ಜರಿ ನಮ್ಮ ಮೂಗಿಗೆ ತಾಗುತ್ತಿತ್ತು.

ಮಾಸ್ತರರ ವಿಷಯವಾಗಿ ಎರಡು ಮಾತು ಹೇಳಬೇಕು. ಅವರು ಎಳೆಯ ವಯಸ್ಸಿನಲ್ಲಿಯೇ ನಾಟಕ ಕಂಪನಿ ಸೇರಿ, ಊರೂರು ಕ್ಯಾಂಪು ಸುತ್ತಿ, ಸಿನಿಮಾದ ಹೊಡೆತಕ್ಕೆ ಕಂಪನಿ ಮುಚ್ಚಿದ ಮೇಲೆ ಪೇಟಿಯನ್ನು ಹೆಗಲಿಗೇರಿಸಿಕೊಂಡು ಪ್ರಸಾದನಿಲಯಕ್ಕೆ ಬಂದವರು. ಅಂಥವರ ಹಿಂದೆ ಒಂದು ದೊಡ್ಡ ಪರಂಪರೆಯಿದೆ. ಮನ್ಸೂರಿನಲ್ಲಿ 1910ರಲ್ಲಿ ಜನಿಸಿ 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಮಂಡಳಿಯಲ್ಲಿ ಹಾಡಿದವರು; ಅಲ್ಲಿ ಅವರ ಕಂಠವನ್ನು ಕೇಳಿಯೇ ಅಪ್ಪಯ್ಯಸ್ವಾಮಿಗಳು ಅವರಿಗೆ ಮೊದಲ ಪಾಠ ಹೇಳಿದರು. ಯಲಿವಾಳದ ಬಸವರಾಜ ರಾಜಗುರುಗಳೂ ಹುಡುಗರಾಗಿದ್ದಾಗ ವಾಮನರಾವ ಮಾಸ್ತರರ ಕಂಪನಿಯಲ್ಲಿ ಹಾಡಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದು, ಗುರುಗಳಾದ ಪಂಚಾಕ್ಷರಿ ಗವಾಯಿಗಳ ಹೆಸರಿನ ನಾಟ್ಯಸಂಘವನ್ನು ನಡೆಸಿದುದನ್ನು ಈ ಪತ್ರಿಕೆಯ ಹಿರಿಯ ಓದುಗರು ಬಲ್ಲರು. ಅಂಧ ಮಕ್ಕಳ ಅನ್ನಕ್ಕೂ ಆಶ್ರಯಕ್ಕೂ ಆ ಟಿಕೇಟಿನ ಹಣ ಒದಗುತ್ತಿತ್ತು. ನಮ್ಮ ಮಾಸ್ತರರು ಇಂಥ ದೊಡ್ಡ ಹೆಸರಿನವರಲ್ಲ. ಆದರೆ ಕಲಿಸುವ ಕ್ರಮ ಅದೇ ಮನೆತನದ್ದು.

ತಾಲೀಮು ನಡೆಯುತ್ತಿದ್ದುದು ರಾತ್ರಿಯ ಪ್ರಸಾದವಾದ ಮೇಲೆ, ಅದೇ ಪಡಸಾಲೆಯಲ್ಲಿ. ಎಲೆ ತೆಗೆದು ನೆಲ ಸಾರಿಸಿ, ನೆಲವಿನ್ನೂ ಹಸಿಯಾಗಿರುವಾಗಲೇ ಪೇಟಿಯ ಮುಚ್ಚಳ ತೆಗೆಯುತ್ತಿದ್ದರು. ಮೊದಲ ಹದಿನೈದು ದಿನ ಹಾಡಿನ ಮಾತೇ ಇಲ್ಲ. ಹಾಡನ್ನು ಗದ್ಯದಂತೆ ಓದಿಸುತ್ತಿದ್ದರು; ಯಾರು ಯಾರಿಗೆ ಹೇಳುತ್ತಾರೆ, ಏಕೆ ಹೇಳುತ್ತಾರೆ ಎಂದು ಕೇಳುತ್ತಿದ್ದರು. "ಕಾಡಿನ್ಯಾಗ ಒಬ್ಬನ ಇದ್ದಿ. ಹಂಗಾರ ಯಾರ ಮುಂದ ಹಾಡಾಕತ್ತಿ?" ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ನಾಲ್ಕು ದಿನ ಹಿಡಿಯಿತು. ಹೆದರಿಕೆಯನ್ನು ಮರೆಯಲು ತನಗೆ ತಾನೇ ಹಾಡಿಕೊಳ್ಳುತ್ತಾನೆ ಎಂದು ಕೊನೆಗೆ ಹೇಳಿದಾಗ ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಪೇಟಿಯನ್ನು ಮುಂದಕ್ಕೆ ಎಳೆದುಕೊಂಡರು.

ಪೀಲೂ ರಾಗದ ಛಾಯೆಯ ಹಾಡು, ಆರು ಮಾತ್ರೆಯ ದಾದರಾ ತಾಳ, ಶ್ರುತಿ ಕಪ್ಪು ಐದು. ಕುಳಿತು ಹಾಡುವಾಗ ಸೊಗಸಾಗಿ ಬರುತ್ತಿದ್ದ ಹಾಡು, ಎದ್ದು ದರ್ಭೆ ಕೊಯ್ಯುತ್ತ ಹಾಡಲು ಹೋದರೆ ಚೂರುಚೂರಾಯಿತು. ಬಾಗಿದರೆ ಉಸಿರು ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕುಡುಗೋಲಿನ ಕಡೆ ಗಮನವಿಟ್ಟರೆ ತಾಳ ತಪ್ಪುತ್ತದೆ. ತಾಳ ಹಿಡಿದರೆ ಮುಖ ಕಲ್ಲಾಗುತ್ತದೆ. ಸಂಗೀತ ನಾಟಕದ ತಾಲೀಮೆಂದರೆ ಇದೇ. ಹಾಡು, ಮಾತು, ಅಭಿನಯಗಳನ್ನು ಬೇರೆ ಬೇರೆ ಕಲಿತು ಕೂಡಿಸಿದರಾಯಿತು ಎಂದುಕೊಂಡವರಿಗೆ, ಕೂಡಿಸುವ ಗಳಿಗೆಯಲ್ಲಿ ಮೂರೂ ಮರೆತುಹೋಗುತ್ತವೆ. ಮಾಸ್ತರರು ಅದಕ್ಕೆ ಕಂಪನಿಯ ಹಳೆಯ ಉಪಾಯ ಮಾಡಿದರು. ಸಾಲು ಮುಗಿದ ಮೇಲೆಯೇ ಬಾಗಬೇಕು; ಸಮ್ಮಿಗೆ ಸರಿಯಾಗಿ ಹುಲ್ಲು ಕೊಯ್ಯಬೇಕು; ಏಳುವಾಗ ಉಸಿರು ತುಂಬಿಕೊಳ್ಳಬೇಕು. ಹೀಗೆ ಇಪ್ಪತ್ತು ರಾತ್ರಿ. ಬಟ್ಟೆಯಲ್ಲಿ ಎಳೆ ಸೇರಿದಂತೆ ಒಂದು ದಿನ ಎಲ್ಲವೂ ಸೇರಿದವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಇಂದಿಗೂ ಆ ಸಂತೋಷವನ್ನು ಬೇರೆ ಯಾವುದಕ್ಕೂ ಹೋಲಿಸಲಾರೆವು.

ಅದಾದ ಒಂದು ವಾರಕ್ಕೆ ತಾರ ಷಡ್ಜದಲ್ಲಿ ನಮ್ಮ ದನಿ ಒಡೆಯಿತು. ಪಡಸಾಲೆಯೇ ನಕ್ಕಿತು, ತಬಲಾದವನೂ ನಕ್ಕ.

ಮರುದಿನದಿಂದ ಔಷಧೋಪಚಾರ ಆರಂಭಿಸಿದೆವು. ಮೆಣಸಿನ ಹಾಲು, ಜ್ಯೇಷ್ಠಮಧು, ಕಲ್ಲುಸಕ್ಕರೆ, ಹಸಿಶುಂಠಿಯ ರಸ. ಸಾಲದೆಂದು ಬೆಳಗಿನ ಜಾವ ಬಾವಿಯ ಕಟ್ಟೆಯ ಮೇಲೆ ನಿಂತು ಬಾವಿಯೊಳಕ್ಕೆ ಕೂಗತೊಡಗಿದೆವು. ಮೂರು ದಿನದಲ್ಲಿ ಇದ್ದ ದನಿಯೂ ಕಟ್ಟಿತು. ಕೊನೆಗೆ ಜ್ವರದ ನೆಪ ಮಾಡಿ ಕೋಣೆಯಲ್ಲಿ ಮಲಗಿಬಿಟ್ಟೆವು. ಮಾಸ್ತರರು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಲಿಲ್ಲ. ಪೇಟಿಯನ್ನೇ ಕೋಣೆಗೆ ಹೊರಿಸಿ ತಂದು, ಒಂದೊಂದೇ ಮನೆ ಕೆಳಗಿಳಿಯುತ್ತ, ಪ್ರತಿ ಸ್ವರಕ್ಕೂ ಮೆಲ್ಲನೆ ಆಕಾರ ಹೇಳಿಸಿದರು. ನಮಗೇ ಗೊತ್ತಿಲ್ಲದ ಒಂದು ಕೆಳಗಿನ ಸ್ವರ ಗಂಟಲಿನಿಂದ ಹೊರಟಿತು. ಆಗ ಅವರು ಹೇಳಿದ ಮಾತು ಇದು: "ತಮ್ಮಾ, ನಿನ್ನ ದನಿ ಕೆಟ್ಟಿಲ್ಲಪ. ಹಳೇ ಮನಿ ಬಿಚ್ಚಿ ಹೊಸಾ ಮನಿ ಕಟ್ಟಾಕತ್ತೈತಿ. ಕಟ್ಟಿ ಮುಗಿಯೂತನಕ ಆ ಮನ್ಯಾಗ ಮದುವಿ ಮಾಡಬಾರದು."

ವೈದ್ಯರು ಇದನ್ನೇ ತಮ್ಮ ಭಾಷೆಯಲ್ಲಿ ಹೇಳುತ್ತಾರೆ. ಹನ್ನೆರಡರಿಂದ ಹದಿನೈದು ವರ್ಷದ ನಡುವೆ ಸಾಮಾನ್ಯವಾಗಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೇಗಬೇಗನೆ ಬೆಳೆಯುತ್ತದೆ; ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ; ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಈ ಬದಲಾವಣೆಗೆ ಕೆಲವು ತಿಂಗಳು ಬೇಕು, ಕೆಲವರಿಗೆ ವರ್ಷಕ್ಕೂ ಹೆಚ್ಚು. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ, ಆದರೆ ಎರಡು ಮೂರು ಸ್ವರದಷ್ಟು ಮಾತ್ರ. ಆದ್ದರಿಂದ ಮನೆಯವರ ಗಮನಕ್ಕೆ ಬರುವುದಿಲ್ಲ. ಈ ಅವಧಿಯಲ್ಲಿ ಹಾಡಲೇಬಾರದೆಂದಿಲ್ಲ. ಬಲವಂತದಿಂದ ಮೇಲಿನ ಸ್ವರಗಳನ್ನು ಎಳೆಯುವುದು, ಕೂಗುವುದು ಮಾತ್ರ ಕೂಡದು. ಕಂಪನಿ ನಾಟಕಗಳಲ್ಲಿ ಬಾಲಪಾತ್ರ, ಸ್ತ್ರೀಪಾತ್ರ ಮಾಡುತ್ತಿದ್ದ ಎಷ್ಟೋ ಹುಡುಗರ ಬಾಳಿಗೆ ಇದೇ ತಿರುವಾಗುತ್ತಿತ್ತು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕೊನೆಯ ಸಾಲಿನವರೆಗೆ ಕೇಳಿಸಬೇಕಾದ ಏರುಕಂಠ ಹೋಯಿತೆಂದರೆ ಪಾತ್ರವೂ ಹೋಯಿತು. ಆದರೂ ಏಣಗಿ ಬಾಳಪ್ಪನವರಂಥವರು ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ಬಸವೇಶ್ವರರ ಪಾತ್ರದಲ್ಲಿ ನಾಡಿನ ಮನಸ್ಸನ್ನು ತುಂಬಿದರು. 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಕಣ್ಮರೆಯಾಗುವವರೆಗೆ ರಂಗದ ಹಿರಿಯಜ್ಜನಾಗಿಯೇ ಉಳಿದರು.

ಇದೆಲ್ಲ ಇಂದು ತಿಳಿದ ಮಾತು. ಅಂದು ನಮಗೆ ತಿಳಿದದ್ದು ಒಂದೇ: ನಮ್ಮ ಹಾಡನ್ನು ಇನ್ನೊಬ್ಬನಿಗೆ ಕೊಟ್ಟರು. ಆರನೆಯ ತರಗತಿಯ ಹುಡುಗ; ಸಣ್ಣ ಆಳು, ಎಣ್ಣೆ ಕಾಣದ ತಲೆ. ಮೂಲೆಯಲ್ಲಿ ಕುಳಿತು ದಿನವೂ ತಾಲೀಮು ನೋಡುತ್ತಿದ್ದವನು. ವಿಂಗಿನ ಮರೆಯಲ್ಲಿ ನಿಂತು ಅವನು ಹಾಡಬೇಕು, ರಂಗದ ಮೇಲೆ ನಾವು ತುಟಿ ಆಡಿಸುತ್ತ ದರ್ಭೆ ಕೊಯ್ಯಬೇಕು. ಹಾವು ಕಚ್ಚಿದೊಡನೆ ಸಾಲಿನ ನಡುವೆಯೇ ಹಾಡು ನಿಲ್ಲಬೇಕು. ಮರೆಯಲ್ಲಿರುವವನಿಗೆ ರಂಗ ಕಾಣುವುದಿಲ್ಲವಾದ್ದರಿಂದ ನಮ್ಮ ಕುಡುಗೋಲು ಹಲಗೆಯ ಮೇಲೆ ಬಿದ್ದ ಸದ್ದೇ ಅವನಿಗೆ ಸೂಚನೆ.

ಇಲ್ಲಿ ನಾವು ಮಾಡಿದ್ದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. ಕುಡುಗೋಲನ್ನು ಬೇಕೆಂದೇ ತಡವಾಗಿ ಬೀಳಿಸತೊಡಗಿದೆವು. ಲೋಹಿತಾಶ್ವ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಾನೆ, ಹಾಡು ಮಾತ್ರ ಹಾಯಾಗಿ ಸಾಗುತ್ತಿದೆ! ಹುಡುಗರು ನಗುತ್ತಿದ್ದರು, ನಗು ಈಗ ನಮ್ಮ ಮೇಲಲ್ಲ, ಆ ಹುಡುಗನ ಮೇಲೆ. ಅವನು ಪ್ರತಿ ಸಲವೂ ಹೊರಗೆ ಇಣುಕಿ, "ತಪ್ಪಾತ್ರಿ" ಎನ್ನುತ್ತಿದ್ದ. ನಾಲ್ಕು ದಿನ ಹೀಗಾಯಿತು. ಐದನೆಯ ರಾತ್ರಿ ಮಾಸ್ತರರು ಲೋಹಿತಾಶ್ವನ ಜಾಗದಲ್ಲಿ ಮತ್ತೊಬ್ಬನನ್ನು ನಿಲ್ಲಿಸಿ, ನಮ್ಮನ್ನು ವಿಂಗಿನೊಳಗೆ ಕಳಿಸಿದರು. "ಅವನ ಕೈ ಹಿಡಕೊಂಡು ನಿಂದರು" ಎಂದರು, ಅಷ್ಟೇ. ಹಿಡಿದುಕೊಂಡೆವು. ಆ ಕೈ ತಣ್ಣಗಿತ್ತು, ನಡುಗುತ್ತಿತ್ತು. ಪರದೆಯಲ್ಲಿದ್ದ ಒಂದು ತೂತಿನಿಂದ ರಂಗ ಕಾಣಬಹುದೇ ಎಂದು ಅವನು ತುದಿಗಾಲಿನ ಮೇಲೆ ನಿಂತು ಹಾಡುತ್ತಿದ್ದ. ಅವನ ಎತ್ತರಕ್ಕೆ ಆ ತೂತು ಎಟುಕುತ್ತಿರಲಿಲ್ಲ. ಹಾಡು ಬರುವ ಮುನ್ನ ಲೋಹಿತಾಶ್ವನ ಮಾತುಗಳನ್ನೆಲ್ಲ ಸದ್ದಿಲ್ಲದೆ ತಾನೂ ಹೇಳಿಕೊಳ್ಳುತ್ತಿದ್ದ. ಇಡೀ ಪಾತ್ರವೇ ಅವನಿಗೆ ಬಾಯಿಪಾಠವಾಗಿತ್ತು.

ಮಾರನೆಯ ದಿನದಿಂದ ಕುಡುಗೋಲು ಸರಿಯಾದ ಹೊತ್ತಿಗೆ ಬಿತ್ತು. ಅದಾದ ಮೇಲಿನ ಹತ್ತು ದಿನದ ತಾಲೀಮಿನಲ್ಲಿ ನಾವು ಕಲಿತದ್ದು, ಮೊದಲ ಎರಡು ತಿಂಗಳಿಗಿಂತ ಹೆಚ್ಚು. ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲಿಯೇ ನಮ್ಮ ಎದೆಯೂ ಏರಬೇಕು. ಅವನ ದನಿ ಸಣ್ಣದಾದರೆ ನಮ್ಮ ಕೈಯೂ ಮೆಲ್ಲಗಾಗಬೇಕು. ಹಾಡುವಾಗ ನಮ್ಮ ಹಾಡನ್ನು ನಾವು ಕೇಳಿಸಿಕೊಂಡೇ ಇರಲಿಲ್ಲ. ಈಗ ಕೇಳಿಸಿತು.

ಸ್ನೇಹಸಮ್ಮೇಳನದ ರಾತ್ರಿ ನಾಟಕ ಚೆನ್ನಾಗಿ ಆಯಿತು. ರಂಗದ ನಡುವೆ ತೂಗುಹಾಕಿದ್ದ ಒಂದೇ ಮೈಕು ವಿಂಗಿನಿಂದ ದೂರವಿತ್ತು; ಆದರೂ ಆ ಹುಡುಗನ ದನಿ ಅಂಗಳದ ಕೊನೆಯವರೆಗೆ ಹೋಯಿತು. ಸಾಲಿನ ನಡುವೆ ಹಾಡು ತುಂಡಾದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬಂದುದು ಕಣ್ಣು ಮುಚ್ಚಿ ಮಲಗಿದ್ದ ನಮಗೂ ಕೇಳಿಸಿತು. ಪರದೆ ಬಿದ್ದ ಮೇಲೆ, ಬಸ್ಸು ಹತ್ತಿ ಊರಿನಿಂದ ಬಂದಿದ್ದ ನಮ್ಮ ಅವ್ವ ರೊಟ್ಟಿಬುತ್ತಿಯ ಗಂಟು ಹಿಡಿದು ಬಣ್ಣದ ಕೋಣೆಯ ಬಾಗಿಲಿಗೆ ಬಂದರು. ನಮ್ಮ ಗಲ್ಲ ಹಿಡಿದು, "ಎಂಥಾ ದನಿ ಕೊಟ್ಟಾನಪ ಶಿವ ನಿನಗ! ನನ್ನ ಬಾಜೂಕ ಕುಂತಾಕಿ ಸೆರಗು ನೆನಿಯೂ ಹಂಗ ಅತ್ತಳು ನೋಡು" ಎಂದರು. ಆ ಹುಡುಗ ನಮಗೆಂದು ನೀರಿನ ತಂಬಿಗೆ ತಂದು ಮೂರು ಮಾರು ದೂರದಲ್ಲಿ ನಿಂತಿದ್ದ. ಹೇಳಲು ಒಂದು ಮಾತು ಸಾಕಾಗಿತ್ತು. ನಾವು ಹೇಳಲಿಲ್ಲ. ಅವನು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ.

ಪೇಟಿಗೆ ಅರಿವೆ ಸುತ್ತುತ್ತಿದ್ದ ಮಾಸ್ತರರು ಇದನ್ನು ಕೇಳಿದರೋ ಇಲ್ಲವೋ ಆಗ ತಿಳಿಯಲಿಲ್ಲ. ಮುಂದಿನ ತಿಂಗಳು ಪಕ್ಕದ ಹಳ್ಳಿಯ ಜಾತ್ರೆಯಲ್ಲಿ ಅದೇ ನಾಟಕವನ್ನು ಆಡಬೇಕಾಯಿತು. ರಂಗದ ಅಂಚಿನಲ್ಲಿ, ತಮ್ಮ ಪೇಟಿಯ ಪಕ್ಕಕ್ಕೆ, ಮಾಸ್ತರರು ಒಂದು ಮಣೆ ಹಾಕಿಸಿ ಆ ಹುಡುಗನನ್ನು ಎಲ್ಲರ ಎದುರಿಗೆ ಕೂರಿಸಿದರು. "ಈ ಸಲ ಪರದೆ ಬ್ಯಾಡ" ಎಂದರು; ಕಾರಣ ಹೇಳಲಿಲ್ಲ. ಜನ ಹಾಡುವವನನ್ನೂ ನೋಡಿದರು, ದರ್ಭೆ ಕೊಯ್ಯುವವನನ್ನೂ ನೋಡಿದರು. ಯಾರಿಗೂ ಏನೂ ಕೆಡಲಿಲ್ಲ. ನಮ್ಮ ಸಣ್ಣಾಟಗಳಲ್ಲಿ ಪಾತ್ರಧಾರಿಯ ಹಾಡಿಗೆ ಹಿಂದೆ ನಿಂತ ಮೇಳದವರು ದನಿಗೂಡಿಸುವುದನ್ನು ಕಂಡುಂಡ ಜನ ಅವರು. ಒಂದು ಪಾತ್ರಕ್ಕೆ ಎರಡು ದೇಹ ಸೇರಿದರೆ ಅವರಿಗೇನು ಅಚ್ಚರಿ? ಕುಡುಗೋಲು ಬೀಳಿಸುವ ಮುನ್ನ ಆ ಹುಡುಗ ನಮ್ಮ ಕಡೆ ನೋಡಿದ, ನಾವು ಅವನ ಕಡೆ ನೋಡಿದೆವು. ಸದ್ದಿನ ಸೂಚನೆ ಅಂದು ಬೇಕಾಗಲೇ ಇಲ್ಲ.

ಅವ್ವ ಆ ಪ್ರಯೋಗಕ್ಕೆ ಬಂದಿರಲಿಲ್ಲ. ಊರಿನಲ್ಲಿ ಮಾತ್ರ ಮಗನ ಹಾಡಿನ ವರ್ಣನೆ ಬಹಳ ದಿನ ನಡೆಯಿತು. ನಾವು ಅವರಿಗೆ ನಿಜ ಹೇಳಿದ್ದು ಹನ್ನೊಂದು ವರ್ಷಗಳ ಮೇಲೆ, ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ. ಮೊರದಿಂದ ಕಣ್ಣೆತ್ತದೆಯೇ, "ಆ ಹುಡುಗಗ ಒಂದು ರೊಟ್ಟಿ ಕೊಡಬೇಕಾಗಿತ್ತು ನೋಡು" ಎಂದರು. ಅಷ್ಟರೊಳಗೆ ಆ ಹುಡುಗ ಎಲ್ಲಿದ್ದಾನೆಂಬುದೇ ನಮಗೆ ತಿಳಿಯದಂತಾಗಿತ್ತು. ಎಂಟನೆಯ ತರಗತಿಯ ನಡುವೆ ಅವನ ಮನೆಯವರು ದುಡಿಮೆ ಅರಸಿ ಊರು ಬಿಟ್ಟು, ಅವನನ್ನೂ ಕರೆದೊಯ್ದಿದ್ದರು. ಮತ್ತೆ ಭೇಟಿಯಾಗಲಿಲ್ಲ.

ಇನ್ನು ಪತ್ರ ಬರೆದ ಸೋದರಿಗೆ. ಮಗನನ್ನು ನಾಟಕದಿಂದ ಬಿಡಿಸಬೇಡಿ. ಅವನ ಗಂಟಲಿಗೆ ರೋಗವಿಲ್ಲವೆಂದು ಅವನಿಗೆ ತಿಳಿಸಿಹೇಳಿ. ತಿಂಗಳುಗಳು ಕಳೆದರೂ ದನಿ ಕಟ್ಟಿಕೊಂಡೇ ಇದ್ದರೆ, ನೋವಿದ್ದರೆ ಮಾತ್ರ ಗಂಟಲಿನ ವೈದ್ಯರಿಗೆ ತೋರಿಸಿ. ಶಿಕ್ಷಕರನ್ನು ಕಂಡು, ಹಾಡಿನ ಶ್ರುತಿಯನ್ನು ಇಳಿಸಲು ಸಾಧ್ಯವೇ ಎಂದು ವಿಚಾರಿಸಿ. ಈಗಿನ ಸ್ಕೇಲ್ ಚೇಂಜರ್ ಪೇಟಿಗಳಲ್ಲಿ ಅದು ಕ್ಷಣದ ಕೆಲಸ. ಮೇಲಿನ ಸಾಲುಗಳನ್ನು ಮೇಳಕ್ಕೆ ಬಿಟ್ಟು ಕೆಳಗಿನವನ್ನು ಅವನೇ ಹಾಡಬಹುದು. ಅದೂ ಆಗದೆ ಬೇರೊಬ್ಬ ಹುಡುಗ ಹಾಡಲೇಬೇಕಾದರೆ, ಅವನ ದನಿಯನ್ನು ಮುದ್ರಿಸಿ ಡಬ್ಬಿಯಿಂದ ಕೇಳಿಸುವುದು ಬೇಡವೆಂದು ನಮ್ಮ ಹೆಸರು ಹೇಳಿಯಾದರೂ ವಿನಂತಿಸಿಕೊಳ್ಳಿ. ಅವನನ್ನು ರಂಗದ ಮೇಲೆ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಕೂರಿಸಲಿ. ಇಬ್ಬರು ಮಕ್ಕಳು ಒಬ್ಬರ ಉಸಿರನ್ನು ಒಬ್ಬರು ಕಲಿಯಲು ಉಳಿದ ಸಮಯ ಸಾಕು.

ಉತ್ಸವದ ದಿನ ನೀವು ತಪ್ಪದೆ ಹೋಗಿ. ಮಗನಿಗೆಂದು ಶೇಂಗಾ ಉಂಡಿ ಕಟ್ಟಿಕೊಳ್ಳುವಾಗ ನಾಲ್ಕು ಹೆಚ್ಚಿಗೆ ಕಟ್ಟಿಕೊಳ್ಳಿ. ಹಾಡಿದ ಹುಡುಗನ ತಾಯಿ ಬಂದಿರುತ್ತಾರೋ ಇಲ್ಲವೋ.